ಲಂಗರಿನ ಠಾವು

ನಡುಗಡಲಿನಲ್ಲಿ ಹಾಯಿದೋಣಿಯೊಂದು ಬಿರುಗಾಳಿಗೆ ಸಿಕ್ಕಿತೆಂದು ಓದಿದಾಗ ನೆಲದವರಾದ ನಮ್ಮ ಎದೆ ನಡುಗುತ್ತದೆ. ದಡ ಸೇರಿತೆಂದರೆ ಸಮಾಧಾನ. ಅನುಭವಿ ನಾವಿಕನ ಅಂಜಿಕೆಯೇ ಬೇರೆ. ಆಳವಾದ ನೀರಿನಲ್ಲಿ ದೋಣಿಯನ್ನು ಗಾಳಿಯೊಡನೆ ಓಡಬಿಡಬಹುದು. ದಡದ ಬಳಿ ಓಡುವುದಕ್ಕೆ ಎಡೆಯೆಲ್ಲಿ?

ಲಂಗರು ಕೇವಲ ತನ್ನ ಭಾರದಿಂದ ದೋಣಿಯನ್ನು ಹಿಡಿದಿಡುವುದಿಲ್ಲ. ಅದರ ಕೊಕ್ಕೆ ಕೆಸರಿನಲ್ಲೋ ಮರಳಿನಲ್ಲೋ ನಾಟಬೇಕು. ಎಳೆತ ನೆಲದುದ್ದಕ್ಕೂ ಇದ್ದರೆ ಅದು ಇನ್ನಷ್ಟು ಹೂತುಕೊಳ್ಳುತ್ತದೆ; ಮೇಲ್ಮುಖವಾದರೆ ಕಿತ್ತುಬರುತ್ತದೆ. ಆದುದರಿಂದಲೇ ನೀರಿನ ಆಳಕ್ಕೆ 5 ಪಟ್ಟು, ಗಾಳಿ ಬಿರುಸಾದರೆ 7 ಪಟ್ಟು ಅಥವಾ ಅದಕ್ಕೂ ಹೆಚ್ಚು ಸರಪಣಿ ಬಿಡುವುದು. ಹೀಗೆ ಬಿಟ್ಟಾಗ, ಗಾಳಿ ದಿಕ್ಕು ಬದಲಿಸಿದಂತೆಲ್ಲ ದೋಣಿ ಗೂಟಕ್ಕೆ ಕಟ್ಟಿದ ಹಸುವಿನಂತೆ ಸುತ್ತುತ್ತದೆ. ಆ ಸುತ್ತಿನೊಳಗೆ ಬಂಡೆಯಾಗಲಿ ನೆರೆಯ ದೋಣಿಯಾಗಲಿ ಇರಕೂಡದು. ಈಗ ಬೀಸುತ್ತಿರುವ ಗಾಳಿಯೊಂದನ್ನೇ ನಂಬಿ ಠಾವು ಆರಿಸಿದವನದು ಅರ್ಧ ಲೆಕ್ಕ.

ಈ ಲೆಕ್ಕ ಬಲ್ಲವರನ್ನೂ ಬಿಡಲಿಲ್ಲ. ಫ್ರೆಂಚ್ ನಾವಿಕ ಬರ್ನಾರ್ ಮೋಯ್ತೆಸಿಯೆ 1968ರಲ್ಲಿ ಒಂಟಿಯಾಗಿ, ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತುವ ಪಂದ್ಯಕ್ಕೆ ಇಂಗ್ಲೆಂಡಿನಿಂದ ಹೊರಟವನು. ಗೆಲುವಿನ ಸಾಧ್ಯತೆ ಇದ್ದಾಗಲೇ ಪಂದ್ಯವನ್ನು ತೊರೆದು, ಮುಂದೆಯೂ ಹಾಯಿ ಬಿಚ್ಚಿ, ಸುಮಾರು 10 ತಿಂಗಳ ಬಳಿಕ ತಹೀತಿ ಸೇರಿದ. ದಕ್ಷಿಣ ಸಾಗರದ ಬೆಟ್ಟದಂಥ ಅಲೆಗಳು ಅವನ ಉಕ್ಕಿನ ದೋಣಿ ‘ಜೋಶುವಾ’ವನ್ನು ಮುಳುಗಿಸಲಾಗಲಿಲ್ಲ.

1982ರ ಡಿಸೆಂಬರಿನಲ್ಲಿ ಅದೇ ದೋಣಿ ಮೆಕ್ಸಿಕೋದ ಕಾಬೋ ಸಾನ್ ಲೂಕಾಸ್‌ನಲ್ಲಿ ಲಂಗರು ಹಾಕಿತ್ತು. ಚಳಿಗಾಲದಲ್ಲಿ ಅಲ್ಲಿ ಸಾಮಾನ್ಯವಾಗಿ ಬೀಸುವುದು ವಾಯವ್ಯದ ಗಾಳಿ. ಅದಕ್ಕೆ ನೆಲವೇ ಅಡ್ಡ ನಿಲ್ಲುವುದರಿಂದ ಕೊಲ್ಲಿಯ ನೀರು ಕೊಳದಂತೆ ಶಾಂತ. ಆದರೆ ಆಗ್ನೇಯಕ್ಕೆ ಆ ಕೊಲ್ಲಿ ಬಾಗಿಲಿಲ್ಲದ ಮನೆ. ಮೇಲಾಗಿ ತೀರದಿಂದ ತುಸು ದೂರದಲ್ಲೇ ತಳ ಕಡಿದಾಗಿ ಇಳಿಯುತ್ತದೆ. ಲಂಗರು ನಿಲ್ಲುವಷ್ಟು ಆಳವಿಲ್ಲದ ನೀರು ಮರಳಿನಂಚಿನ ಕಿರುಪಟ್ಟಿ ಮಾತ್ರ. ಬಂದ ದೋಣಿಗಳೆಲ್ಲ ಆ ಪಟ್ಟಿಯಲ್ಲೇ ಒತ್ತೊತ್ತಾಗಿ ನಿಂತಿದ್ದವು. ಅಂಥಲ್ಲಿ ಏಳು ಪಟ್ಟು ಸರಪಣಿ ಬಿಡಲು ಜಾಗವೆಲ್ಲಿಂದ ಬರಬೇಕು?

ರಾತ್ರಿ ಚಂಡಮಾರುತ ಕಡಲ ಕಡೆಯಿಂದ ನುಗ್ಗಿತು. ಹಿಂದಿನ ಸಂಜೆ ಆಸರೆಯಾಗಿದ್ದ ತೀರವೇ ಬೆಳಗಾಗುವಷ್ಟರಲ್ಲಿ ಸುಡುಗಾಡಾಯಿತು. ಕಿತ್ತ ಲಂಗರುಗಳು ನೆರೆಯವರ ಸರಪಣಿಗೆ ತೊಡರಿದವು, ದೋಣಿಗಳು ಒಂದರ ಮೇಲೊಂದು ಬಿದ್ದವು. ಎರಡು ಡಜನ್ನಿಗೂ ಮಿಕ್ಕಿ ದೋಣಿಗಳು ಮರಳಿಗೆ ಬಡಿದವು. ‘ಜೋಶುವಾ’ವೂ ಅವುಗಳಲ್ಲೊಂದು.

ಮೋಯ್ತೆಸಿಯೆ ಬದುಕಿ ಉಳಿದ. ಜಜ್ಜಿಹೋಗಿ, ಮರಳು ತುಂಬಿದ್ದ ದೋಣಿಯನ್ನು ದುರಸ್ತಿ ಮಾಡುವ ಶಕ್ತಿಯೂ ಹಣವೂ ಅವನಲ್ಲಿರಲಿಲ್ಲ. ಅಲ್ಲಿದ್ದ ಯುವಕರಿಗೆ ಹೆಸರಿಗಷ್ಟೆ ಬೆಲೆ ಪಡೆದು ಕೊಟ್ಟುಬಿಟ್ಟ. ಅವರು ಅದನ್ನು ಮರಳಿನಿಂದ ಎತ್ತಿ ನೀರಿಗಿಳಿಸಿದರು. ಈಗ ಅದು ಫ್ರಾನ್ಸಿನ ಲಾ ರೊಶೆಲ್ ಬಂದರಿನ ವಸ್ತುಸಂಗ್ರಹಾಲಯದ ಸ್ವತ್ತು.