ಊರಿನ ಹಣ, ಊರಿನ ತೆರೆ

(ಸಮುದಾಯ ಚಿತ್ರೋತ್ಸವದ ಸಿದ್ಧತಾ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿಗೆ ಚಿತ್ರೋತ್ಸವವೆಂಬುದು ಹೊಸ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿಯೇ ಚಿತ್ರಸಮಾಜವನ್ನು ಆರಂಭಿಸಿತು. ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ಹಳ್ಳಿಗರು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರು ಬಂದು ರಸಗ್ರಹಣ ಶಿಬಿರ ನಡೆಸಿದರು. ಗಂಭೀರ ಚಿತ್ರ ಹಳ್ಳಿಗೆ ಹತ್ತದೆಂಬ ಪೇಟೆಯ ನಂಬಿಕೆ ಅಂದೇ ಸುಳ್ಳಾಯಿತು.

ಆದುದರಿಂದ ಅಭಿರುಚಿಯ ಪ್ರಶ್ನೆ ಉಳಿದಿಲ್ಲ. ಉಳಿದಿರುವುದು ಹಣದ ಪ್ರಶ್ನೆ.

ನದಿ ತಿರುವು, ಗಣಿ, ಅಣೆಕಟ್ಟುಗಳಿಂದ ನೊಂದವರ ಕಥೆಯನ್ನು ಸ್ವತಂತ್ರ ಕಲಾವಿದರು ಸ್ವಂತ ಸಾಲದಲ್ಲಿ ಚಿತ್ರಿಸುತ್ತಾರೆ. ಆ ಯೋಜನೆಯ ಗುತ್ತಿಗೆದಾರನೇ ಉತ್ಸವದ ಚಪ್ಪರ ಹಾಕಿಸಿದರೆ, ಅಂಥ ಚಿತ್ರ ಪಟ್ಟಿಯಿಂದ ಸದ್ದಿಲ್ಲದೆ ಜಾರುತ್ತದೆ. ಅದಕ್ಕೆ ಯಾರ ನಿಷೇಧವೂ ಬೇಕಿಲ್ಲ. ಸಂಘಟಕರ ದಾಕ್ಷಿಣ್ಯವೇ ಸಾಕು.

ಇದಕ್ಕೆ ಪರಿಹಾರ ಕಂಡವರಿದ್ದಾರೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ ‘ಒಡೆಸ್ಸಾ’ ಬಳಗ ಕಟ್ಟಿದರು. ಊರೂರು ತಿರುಗಿ ಚಿತ್ರ ತೋರಿಸಿ ಜನರಿಂದಲೇ ಸಣ್ಣ ಸಣ್ಣ ಮೊತ್ತ ಕೂಡಿಸಿದರು. ಆ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಸಿದ್ಧವಾಯಿತು. ಅದಕ್ಕೆ ನಿರ್ಮಾಪಕನೆಂಬ ಒಬ್ಬ ಧಣಿ ಇರಲಿಲ್ಲ. ಉತ್ತರ ಪ್ರದೇಶದ ಗೋರಖಪುರದಲ್ಲಿ 2006ರಲ್ಲಿ ಆರಂಭವಾದ ಚಿತ್ರೋತ್ಸವವೂ ಕಂಪನಿಗಳ ಪ್ರಾಯೋಜನೆಯನ್ನು ನಿರಾಕರಿಸಿ, ಪ್ರೇಕ್ಷಕರ ದೇಣಿಗೆಯನ್ನೇ ನೆಚ್ಚಿತು.

ಈ ಪದ್ಧತಿ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಹತ್ತು ಸಮಸ್ತರು ಕೂಡಿ ಬಯಲಾಟ ಆಡಿಸುವಾಗ ಒಂದು ಮನೆ ಅಕ್ಕಿ ಕೊಡುತ್ತದೆ, ಇನ್ನೊಂದು ಕಾಯಿ ಕೊಡುತ್ತದೆ, ಮತ್ತೊಂದು ಮನೆ ಕಲಾವಿದರಿಗೆ ಮಲಗಲು ಜಾಗ ಕೊಡುತ್ತದೆ. ಆಟ ನೋಡಲು ಯಾರಿಗೂ ಚೀಟಿಯಿಲ್ಲ. ಚಿತ್ರೋತ್ಸವಕ್ಕೂ ಇದೇ ಲೆಕ್ಕ ಸಲ್ಲುತ್ತದೆ.

ಕೆಲವು ವ್ಯಾವಹಾರಿಕ ಸಂಗತಿಗಳು. ಅಡಿಕೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಬಯಲು ಪ್ರದರ್ಶನಕ್ಕೆ ಉತ್ತಮ; ಬೆಳದಿಂಗಳು ತೆರೆಯನ್ನು ಮಸುಕಾಗಿಸುತ್ತದೆ. ಕರೆಂಟು ಕೈಕೊಟ್ಟರೆ ಜನರೇಟರ್ ಬೇಕು. ನಿರ್ದೇಶಕರ ಲಿಖಿತ ಒಪ್ಪಿಗೆ ಬೇಕು. 1952ರ ಸಿನೆಮಾಟೋಗ್ರಾಫ್ ಕಾಯಿದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಅಗತ್ಯ. ಉತ್ಸವಗಳು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಕೋರಬಹುದು. ಆ ಅರ್ಜಿಯನ್ನು ಮುಂಚಿತವಾಗಿಯೇ ಸಲ್ಲಿಸತಕ್ಕದ್ದು. ಚಿತ್ರದ ಬಳಿಕ ಚರ್ಚೆಗೆ ಸಮಯ ಮೀಸಲಿರಲಿ. ಮೊದಲ ಮಾತು ಹಿಂದಿನ ಸಾಲಿನ ಹೆಂಗಸರಿಗೆ ಸಲ್ಲಲಿ. ಬಂದ ಕಲಾವಿದರಿಗೆ ಹಾರಕ್ಕಿಂತ ಮೊದಲು ಬಸ್ ಖರ್ಚು ಸಲ್ಲಲಿ.

ಮೊದಲ ವರ್ಷ ಒಂದೇ ರಾತ್ರಿ, ಮೂರೇ ಚಿತ್ರ ಸಾಕು. ಬೆಳೆದುದನ್ನೆಲ್ಲ ಮಾರಿ ಬೀಜಕ್ಕಾಗಿ ಅಂಗಡಿಯ ಮುಂದೆ ನಿಂತ ರೈತನ ಪಾಡು ಎಲ್ಲರಿಗೂ ಗೊತ್ತಿದೆ. ಉತ್ಸವ ಮುಗಿದ ಮರುದಿನ ಖರ್ಚು-ವೆಚ್ಚದ ಲೆಕ್ಕವನ್ನು ಪಂಚಾಯಿತಿ ಕಟ್ಟೆಯಲ್ಲಿ ಓದಿ ಹೇಳಿ, ಉಳಿದ ಹಣವನ್ನು ಮುಂದಿನ ವರ್ಷಕ್ಕೆ ತೆಗೆದಿರಿಸಬೇಕು.