ಕಳರಿಯಲ್ಲಿ ಮೆಯ್ಪಯಟ್ಟಿನ ಸ್ಥಾನ



ಉತ್ತರ ಮಲಬಾರಿನ ಕಳರಿಗಳಲ್ಲಿ ಶಿಷ್ಯನ ಕೈಗೆ ಮೊದಲ ದಿನವೇ ಖಡ್ಗವನ್ನು ಕೊಡುವುದಿಲ್ಲ. ಮೆಯ್ತಾರಿ, ಕೋಲ್ತಾರಿ, ಅಂಕತ್ತಾರಿ ಎಂಬುದು ಅಲ್ಲಿಯ ಕ್ರಮ: ಮೊದಲು ಮೈ, ಬಳಿಕ ಕೋಲು, ಅನಂತರ ಲೋಹದ ಆಯುಧ. ಮೆಯ್ತಾರಿಯ ಜೀವಾಳವೇ ಮೆಯ್ಪಯಟ್ಟು. ಗುರುಕ್ಕಳ್ ವಾಯ್ತಾರಿಯನ್ನು ನುಡಿಯುತ್ತಾರೆ. ಶಿಷ್ಯರು ಎದುರಾಳಿಯಿಲ್ಲದೆಯೇ ಆ ನುಡಿಗೆ ತಕ್ಕಂತೆ ಕಾಲೆತ್ತಿ, ಬಾಗಿ, ತಿರುಗಿ, ನೆಗೆದು ನಿಲ್ಲುತ್ತಾರೆ. ಮೆಯ್ ನಮ್ಮ ಮೈಯೇ, ವಾಯ್ ನಮ್ಮ ಬಾಯಿಯೇ ಎಂಬುದನ್ನು ಗಡಿನಾಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಶತ್ರುವಿಲ್ಲದ ಈ ಅಭ್ಯಾಸವು ಬರಿಯ ಕುಣಿತವಲ್ಲವೆ ಎಂದು ಆಕ್ಷೇಪಿಸುವವರುಂಟು. ಕಾಳಗದಲ್ಲಿ ಯೋಚನೆಗೆ ಎಡೆಯೆಲ್ಲಿ? ಆಗ ನೆರವಾಗುವುದು ನೂರಾರು ಸಲ ಮಾಡಿ ಮೈಗೂಡಿದ ಹೆಜ್ಜೆ. ಆನೆ, ಸಿಂಹ, ಹಂದಿ ಮೊದಲಾದವುಗಳ ಹೆಸರಿನ ವಡಿವುಗಳಲ್ಲಿ ಸ್ಥಿರವಾಗಿ ನಿಲ್ಲಲರಿಯದವನು ಕತ್ತಿ ಗುರಾಣಿಗಳನ್ನು ಹಿಡಿದು ನಿಲ್ಲಬಲ್ಲನೆ? ಆದರೆ ಮೆಯ್ಪಯಟ್ಟೇ ಕೊನೆಯಲ್ಲ. ಜೊತೆಗಾರನ ಕೋಲು ಎದುರಾದಾಗಲೇ ದೂರದ ಅಳತೆಯೂ ಸಮಯದ ಅರಿವೂ ಬರುತ್ತವೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳರೂ ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರರೂ ಕ್ಷೀಣಿಸುತ್ತಿದ್ದ ಈ ವಿದ್ಯೆಯನ್ನು ಎತ್ತಿ ನಿಲ್ಲಿಸಿದರು. ಅಂಕಗಳು ನಿಂತುಹೋದರೂ ವಿದ್ಯೆಯನ್ನು ಕಾಪಾಡಿದ್ದು ಮೈಯಲ್ಲಿ, ಬಾಯಲ್ಲಿ ಉಳಿದ ಈ ಪಾಠವೇ. ಇಂದು ವೇದಿಕೆಯ ಮೇಲೆ ಉರುಮಿಯ ಝಳಪಿಗೆ ಕೈತಟ್ಟುವ ನಾವು, ಕಳರಿಗೆ ಹೋಗುವ ನಮ್ಮ ಮಕ್ಕಳಿಗೆ ಬೇಗನೆ ಆಯುಧ ದೊರೆಯಲೆಂದು ಆತುರಪಡದಿರೋಣ. ಮೈ ಪಳಗಲಿ, ಕೈಗೆ ಕತ್ತಿ ತಾನಾಗಿ ಬಂದೀತು.