ಸ್ಕ್ರೀನ್ ಮೇಲಿನ ಡಿಗ್ರಿ, ಸೂರಿನ ಕೆಳಗಿನ ಡಿಗ್ರಿ



ಏಪ್ರಿಲ್ ಬಂತು ಅಂದ್ರೆ ನಿಮ್ಮ ಟಿವಿಯ ಕೆಳಗಡೆ ಒಂದು ಪಟ್ಟಿ ಓಡೋಕೆ ಶುರುವಾಗುತ್ತೆ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ... ಹೆಸರಿನ ಮುಂದೆ 40, 41, 42 ಅಂತ ಅಂಕಿಗಳು. ನೀವು ನೋಡ್ತೀರಿ, "ಅಬ್ಬಾ" ಅಂತೀರಿ, ಫ್ಯಾನ್ ಒಂದು ಪಾಯಿಂಟ್ ಜಾಸ್ತಿ ಮಾಡ್ತೀರಿ, ಮುಂದಿನ ಸುದ್ದಿಗೆ ಹೋಗ್ತೀರಿ. ಇವತ್ತು ಆ ಅಂಕಿಯ ಬಗ್ಗೆಯೇ ಮಾತಾಡೋಣ. ಯಾಕಂದ್ರೆ ಅದು ನಿಮ್ಮ ಮನೆಯ ಅಂಕಿ ಅಲ್ಲ.

ಹವಾಮಾನ ಇಲಾಖೆಯ ಥರ್ಮಾಮೀಟರ್ ಎಲ್ಲಿರುತ್ತೆ ಗೊತ್ತಾ? ಬಯಲಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಪೆಟ್ಟಿಗೆಯೊಳಗೆ. ಪೆಟ್ಟಿಗೆಯ ಸುತ್ತಲೂ ಗಾಳಿ ಆಡಲು ಸಂದುಗಳಿರುತ್ತವೆ, ಆದರೆ ಒಳಗೆ ಬಿಸಿಲು ಬೀಳುವುದಿಲ್ಲ. ಅಂದರೆ ಟಿವಿಯಲ್ಲಿ ಬರುವ 42 ಡಿಗ್ರಿ ನೆರಳಿನ 42 ಡಿಗ್ರಿ, ಗಾಳಿ ಆಡುವ ಜಾಗದ 42 ಡಿಗ್ರಿ. ಈಗ ಒಂದು ತಗಡಿನ ಶೀಟಿನ ಮನೆ ನೆನಪು ಮಾಡ್ಕೊಳ್ಳಿ. ಕೈ ಎತ್ತಿದರೆ ಮುಟ್ಟುವಷ್ಟು ಕೆಳಗೆ ಕಾದ ಶೀಟು. ಒಂದೇ ಕಿಟಕಿ. ಅದೇ ಕೋಣೆಯಲ್ಲಿ ಒಲೆ. ಆ ಮನೆಯೊಳಗಿನ ಡಿಗ್ರಿ ಯಾವ ಚಾನೆಲ್‌ನಲ್ಲೂ ಬರೋದಿಲ್ಲ.

ಬಿಸಿಗಾಳಿ ಎಂದು ಘೋಷಣೆ ಮಾಡಲು ಇಲಾಖೆಗೆ ಲೆಕ್ಕವಿದೆ. ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ 37 ಡಿಗ್ರಿ ಸಾಕು. ಮನೆಯೊಳಗಿನ ಬಿಸಿಗಾಳಿಗೆ ಇಂಥ ಘೋಷಣೆ ಇಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಳ್ಳೆಯ ಕ್ರಮ. ಆದರೆ ಒಂದೂವರೆಗೆ ಆಫೀಸು ಬಿಟ್ಟವರು ಹೋಗೋದೆಲ್ಲಿಗೆ? ಮನೆಗೆ. ಬಿಸಿಲಿನ ಕಾವು ನೆತ್ತಿಗೇರುವ ಹೊತ್ತಿಗೆ ಎಲ್ಲರೂ ಮನೆಯೊಳಗೇ ಇರುತ್ತಾರೆ. "ಹೊರಗೆ ಹೋಗಬೇಡಿ" ಎಂಬ ಸಲಹೆ ಅರ್ಧ ಸಲಹೆ ಅಷ್ಟೇ. ಒಳಗೆ ಹೇಗಿರಬೇಕು ಎಂಬುದು ಉಳಿದರ್ಧ.

ಮೊದಲು ಮೈಯ ಲೆಕ್ಕ ತಿಳ್ಕೊಳ್ಳೋಣ. ನಮ್ಮ ದೇಹದ ಶಾಖ 37 ಡಿಗ್ರಿ ಆಸುಪಾಸು. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈ ತನ್ನ ಬಿಸಿಯನ್ನು ಹೊರಗೆ ಬಿಡುತ್ತದೆ. ಗಾಳಿಯೇ 40 ದಾಟಿದರೆ ಲೆಕ್ಕ ಉಲ್ಟಾ, ಹೊರಗಿನ ಬಿಸಿ ಮೈಗೆ ಬರುತ್ತದೆ. ಆಗ ಉಳಿಯುವ ದಾರಿ ಒಂದೇ, ಬೆವರು. ಬೆವರು ಸುರಿದರೆ ಸಾಲದು, ಅದು ಆರಬೇಕು. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗೋದು ಹೇಗೆ? ಗಡಿಗೆ ಜಿನುಗಿ, ಆ ತೇವ ಆರುವಾಗ ಶಾಖವನ್ನೂ ಎಳ್ಕೊಂಡು ಹೋಗುತ್ತೆ. ನಮ್ಮ ಮೈ ಕೂಡ ಹಾಗೇ.

ಅದಕ್ಕೇ ಕಲಬುರಗಿಗೆ ಹೇಳುವ ಉಪಾಯ ಮಂಗಳೂರಿಗೆ ನಡೆಯಲ್ಲ. ಒಣಹವೆಯ ಊರಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೆ ಒಳಗೆ ತಂಪು ಗಾಳಿ ಬರುತ್ತದೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ. ಅಲ್ಲಿ ಒದ್ದೆ ಬಟ್ಟೆ ಕಟ್ಟಿದರೆ ಸೆಕೆ ಇನ್ನೂ ಜಾಸ್ತಿ. ಕರಾವಳಿಯವರಿಗೆ ಬೇಕಾದ್ದು ಗಾಳಿಯ ಓಡಾಟ. ಎದುರುಬದುರು ಕಿಟಕಿ ತೆಗೆಯಿರಿ, ಫ್ಯಾನ್ ಹಾಕಿ, ಆಗಾಗ ತಣ್ಣೀರು ಸ್ನಾನ ಮಾಡಿ.

ಫ್ಯಾನ್ ಬಗ್ಗೆ ಇನ್ನೊಂದು ಮಾತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಳಿ 40 ಡಿಗ್ರಿ ದಾಟಿದ್ದರೆ ಫ್ಯಾನ್ ಅದೇ ಬಿಸಿಯನ್ನು ಮೈಮೇಲೆ ಎರಚುತ್ತೆ. ಆಗ ಕೈಕಾಲು, ಮುಖ, ಕುತ್ತಿಗೆ ಒದ್ದೆ ಮಾಡ್ಕೊಂಡು ಫ್ಯಾನ್ ಕೆಳಗೆ ಕೂತ್ಕೊಳ್ಳಿ. ನೀರು ಆರುತ್ತಾ ಬಿಸಿ ಇಳಿಯುತ್ತೆ. ಬರೀ ಫ್ಯಾನ್ ನಂಬಿಕೊಂಡು ಕೂರಬೇಡಿ.

ಕಿಟಕಿ ವಿಚಾರದಲ್ಲಿ ನಮ್ಮ ಹಿರಿಯರ ಕ್ರಮವೇ ಸರಿ. ಹೊತ್ತೇರುವ ಮೊದಲು ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಸಾಧ್ಯವಾದರೆ ಕಿಟಕಿಯ ಹೊರಗಡೆಯೇ ಚಾಪೆಯನ್ನೋ ಗೋಣಿಚೀಲವನ್ನೋ ಇಳಿಬಿಡಿ. ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಒಳಗಿನ ಪರದೆಗಿಂತ ಎಷ್ಟೋ ಮೇಲು. ಸಂಜೆ ಹೊರಗಿನ ಗಾಳಿ ತಣ್ಣಗಾದ ಮೇಲೆ ಎಲ್ಲಾ ತೆಗೆಯಿರಿ. ಅಡುಗೆಯನ್ನು ಹತ್ತು ಗಂಟೆಯೊಳಗೆ ಮುಗಿಸಿಬಿಡಿ. ಇದನ್ನು ನಾನು ಅಡುಗೆ ಮಾಡುವ ಹೆಣ್ಣುಮಕ್ಕಳಿಗೆ ಹೇಳ್ತಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಬಿಸಿಬಿಸಿ ರೊಟ್ಟಿ ಬೇಕು ಅನ್ನುವ ಗಂಡಸರಿಗೆ ಹೇಳ್ತಿದ್ದೀನಿ. ಮನೆಯಲ್ಲಿ ಅತಿ ಹೆಚ್ಚು ಬಿಸಿ ಇರುವ ಜಾಗ ಅಡುಗೆಮನೆ. ಅಲ್ಲಿ ನಿಂತವರೂ ಮನುಷ್ಯರೇ ಅಲ್ವಾ?

ಇನ್ನು ಸೂರು. ಹಗಲೆಲ್ಲಾ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ರಾತ್ರಿ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹಗಲಿನ ಬಿಸಿಗೆ ದಣಿದ ದೇಹ ರಾತ್ರಿ ಸುಧಾರಿಸಿಕೊಳ್ಳಬೇಕು. ರಾತ್ರಿಯೂ ಬಿಸಿ ಇಳಿಯದಿದ್ದರೆ ಮಾರನೇ ದಿನ ದಣಿದ ದೇಹವೇ ಮತ್ತೆ ಬಿಸಿಲಿಗೆ ಸಿಗುತ್ತದೆ. ಎರಡು, ಮೂರು ದಿನ ಹೀಗಾದರೆ ವಯಸ್ಸಾದವರ ಹೃದಯ, ಮೂತ್ರಪಿಂಡ ಸೋಲುತ್ತವೆ. ಉತ್ತರ ಕರ್ನಾಟಕದ ಹಳೇ ಮಣ್ಣಿನ ಮಾಳಿಗೆ ಮನೆಗಳು, ದಪ್ಪ ಗೋಡೆಗಳು ಸುಮ್ಮನೆ ಕಟ್ಟಿದ್ದಲ್ಲ. ಅವನ್ನು ಕೆಡವಿ ಶೀಟು, ಕಾಂಕ್ರೀಟು ಹಾಕಿಕೊಂಡೆವು. ವಾಪಸ್ ಹೋಗೋದು ಕಷ್ಟ, ಒಪ್ಕೋತೀನಿ. ಆದರೆ ಸುಣ್ಣ ಇದೆಯಲ್ಲ! ತಾರಸಿಗೋ ಶೀಟಿಗೋ ಬಿಳಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ.

ಇದು ಅಜ್ಜಿ ಕಾಲದ ಮಾತಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ತಾಪಮಾನ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವು ಸಂಭವಿಸಿದವು ಎಂದು ಅಧ್ಯಯನ ಹೇಳಿತು. 2013ರಲ್ಲಿ ಆ ನಗರ ಬಿಸಿಗಾಳಿಗೆಂದೇ ಕಾರ್ಯಯೋಜನೆ ಮಾಡಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳಿಗೆ ತಯಾರಿ, ಆಮೇಲೆ ಬಡವರ ಮನೆಯ ಚಾವಣಿಗೆ ಬಿಳಿ ಬಣ್ಣ. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. ಕಲಬುರಗಿ, ರಾಯಚೂರಿನ ಬಿಸಿಲು ತೆಲಂಗಾಣದ ಬಿಸಿಲಿಗಿಂತ ಕಡಿಮೆಯಾ? ನಮ್ಮ ನಗರಸಭೆಗಳು ಮಾರ್ಚ್ ತಿಂಗಳಲ್ಲೇ ಶೀಟಿನ ಮನೆಗಳಿಗೆ ಸುಣ್ಣ ಬಳಿಸುವ ಕೆಲಸಕ್ಕೆ ಇಳಿಯಲಿ. ಅದಕ್ಕೇನು ಟೆಂಡರ್ ಮೇಲೆ ಟೆಂಡರ್ ಬೇಕಾ?

ಈಗ ನೀರು. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಮಜ್ಜಿಗೆ, ಅಂಬಲಿ, ನಿಂಬೆ ಪಾನಕ, ಎಳನೀರು ಎಲ್ಲವೂ ಒಳ್ಳೆಯದು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಅದಕ್ಕೇ ಮಜ್ಜಿಗೆಗೆ ಚಿಟಿಕೆ ಉಪ್ಪು. ತುಂಬಾ ಸುಸ್ತಾದರೆ ಓಆರ್‌ಎಸ್ ಪೊಟ್ಟಣ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಸಕ್ಕರೆ ನೀರು ಕುಡಿಸಿಯೇ ಸಾವಿರಾರು ಜೀವ ಉಳಿಸಿದರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಮ ಅಳತೆ, ಗುಡ್ಡೆ ಹಾಕಬೇಡಿ. ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ನೀರು, ಎಷ್ಟು ಉಪ್ಪು ಅಂತ ತಮ್ಮ ಡಾಕ್ಟರನ್ನೇ ಕೇಳಬೇಕು. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ತಾಯಿ ಹಾಲನ್ನೇ ಹೆಚ್ಚು ಸಲ ಕೊಡಿ.

ಒಂದು ಅಪಾಯದ ಗುರುತು ಎಲ್ಲರಿಗೂ ಗೊತ್ತಿರಲಿ. ಸುಸ್ತು, ತಲೆಸುತ್ತು, ಕಾಲಿನ ಸೆಳೆತ ಮೊದಲ ಮೆಟ್ಟಿಲು. ಮನುಷ್ಯ ತಡವರಿಸಿ ಮಾತಾಡ್ತಿದ್ದರೆ, ಗೊಂದಲದಲ್ಲಿದ್ದರೆ, ಮೈ ಕೆಂಡದಂತೆ ಸುಡ್ತಿದ್ದರೆ ಅದು ಶಾಖಾಘಾತ, ಹೀಟ್ ಸ್ಟ್ರೋಕ್. ದೇಹದ ಶಾಖ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. ಜ್ವರದ ಮಾತ್ರೆ ಕೊಟ್ಟರೆ ಇಳಿಯೋದಿಲ್ಲ, ಇದು ಆ ಜ್ವರ ಅಲ್ಲ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರೋವರೆಗೆ ಕಾಯುತ್ತಾ ನಿಲ್ಲಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈ ತುಂಬಾ ನೀರು ಸುರಿಯಿರಿ, ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಅಥವಾ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ ಜೀವ ಹೋಗುವುದು ಎಲ್ಲಿ ಗೊತ್ತಾ? ಪಕ್ಕದಲ್ಲಿ ಯಾರೂ ಇಲ್ಲದ ಕಡೆ. ಇದು ಬಡ ದೇಶದ ಕಥೆ ಮಾತ್ರ ಅಲ್ಲ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿ ಬೀಸಿದಾಗ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ವೃದ್ಧರು, ಮುಚ್ಚಿದ ಮನೆಗಳಲ್ಲೇ ಸತ್ತವರು. ಅಷ್ಟು ಶ್ರೀಮಂತ ನಗರದಲ್ಲಿ ಅವರ ಬಾಗಿಲು ತಟ್ಟಲು ಜನ ಇರಲಿಲ್ಲ.

ನಮ್ಮಲ್ಲೀಗ ಎಷ್ಟು ಮನೆಗಳು ಹಾಗಿವೆ, ನೀವೇ ಎಣಿಸಿ. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ. ಅವ್ವ, ಅಪ್ಪ ಊರಲ್ಲಿ. ಸಂಜೆ ಫೋನ್ ಮಾಡಿ "ಅವ್ವಾ, ಆರಾಮ ಇದ್ದೀಯೇನು?" ಅಂದ್ರೆ ಅವ್ವ ಏನಂತಾಳೆ? "ನಂಗೇನಾಗೇತಿ, ಆರಾಮ ಅದೀನಪಾ" ಅಂತಾಳೆ. ಆಕೆ ಬೇರೆ ಉತ್ತರ ಕೊಡೋದೇ ಇಲ್ಲ! ಅದಕ್ಕೇ ಪ್ರಶ್ನೆ ಬದಲಾಯಿಸಿ. ಬೆಳಗಿಂದ ಎಷ್ಟು ತಂಬಿಗೆ ನೀರು ಕುಡಿದಿ? ರಾತ್ರಿ ನಿದ್ದೆ ಬಂತಾ? ಎಷ್ಟು ಸಲ ಮೂತ್ರಕ್ಕೆ ಹೋದಿ? ಉತ್ತರ ಕೇಳುವಾಗ ದನಿಯನ್ನೂ ಕೇಳಿ. ಮಾತು ತೊದಲಿದರೆ, ಸಂಬಂಧವಿಲ್ಲದ ಮಾತು ಬಂದರೆ ತಕ್ಷಣ ಪಕ್ಕದ ಮನೆಯವರಿಗೆ ಫೋನ್ ಮಾಡಿ. ಆ ನಂಬರ್ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಇವತ್ತೇ ತಗೊಳ್ಳಿ. ಫೋನನ್ನೂ ಸಂಜೆಗೆ ಬಿಡಬೇಡಿ, ಮಧ್ಯಾಹ್ನ ಮೂರು ಗಂಟೆಗೆ ಮಾಡಿ. ಅಪಾಯ ಇರೋದು ಆಗ.

ನೀವು ಊರಲ್ಲೇ ಇದ್ದರೆ ಓಣಿಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಒಂದು ಚೆಂಬು ಮಜ್ಜಿಗೆ ತಗೊಂಡು ಹೋಗಿ. ಮಜ್ಜಿಗೆ ಒಂದು ನೆಪ. ಬಾಗಿಲು ತೆಗೆದವರ ಮುಖ ನೋಡಿ ಬರಬೇಕು, ಅಷ್ಟೇ.